ವಾರೆ ಕೊಕ್ಕಿನ ಕೋಗಿಲೆ

ಬಹಳ ಹಿಂದೆ, ಮಾವಿನ ಮರಗಳಿಗೂ ಕಿವಿಯಿದ್ದ ಕಾಲದಲ್ಲಿ, ಚಿಗುರುದುರ್ಗ ಎಂಬ ರಾಜ್ಯವಿತ್ತು. ಅಲ್ಲಿ ಋತುಗಳು ತಾವಾಗಿ ಬರುತ್ತಿರಲಿಲ್ಲ, ಶಾಲೆಯ ಮಕ್ಕಳು ಕರೆಯಬೇಕಿತ್ತು. ಮಳೆಗಾಲಕ್ಕೆ ಮಕ್ಕಳು ಎಲೆಯ ದೋಣಿ ಮಾಡುವರು, ಚಳಿಗಾಲಕ್ಕೆ ಅವರೆಕಾಳಿನ ಸರ ಪೋಣಿಸುವರು, ವಸಂತಕ್ಕೆ ಮಣ್ಣಿನ ಕೋಗಿಲೆ ಮಾಡಿ ಶಾಲೆಯ ಬಾಗಿಲಿಗೆ ಕಟ್ಟುವರು. ವಸಂತರಾಯ ಬಂದು ನೋಡಿ ನಕ್ಕರೆ ಆ ಕೋಗಿಲೆಗಳಿಗೆ ಜೀವ ಬಂದು ಕೂಗುತ್ತಿದ್ದವು, ಮಾವು ಹೂಬಿಡುತ್ತಿತ್ತು.

ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು ನಾಗಲಾಂಬೆ. ಮಕ್ಕಳೆಂದರೆ ಪ್ರಾಣ, ಆದರೆ ವಾರೆಯಾದದ್ದೊಂದನ್ನೂ ಕಣ್ಣು ಸಹಿಸದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಅವಳ ಬಾಯಲ್ಲೇ ಇರುತ್ತಿತ್ತು. ಆ ವರ್ಷ ರಾಜರೇ ಶಾಲೆ ನೋಡಲು ಬರುವವರಿದ್ದರು. ಅಕ್ಕೋರು ಒಂದೊಂದೇ ಕೋಗಿಲೆಯನ್ನು ಕೈಗೆತ್ತಿಕೊಂಡು ಕೊಕ್ಕು ನೆಟ್ಟಗೆ ಮಾಡುತ್ತ ಬಂದಳು. ಏಳು ವರ್ಷದ ಬೆಳ್ಳಿ ತನ್ನದನ್ನು ಎದೆಗವಚಿಕೊಂಡಳು.

"ಅಕ್ಕೋರೆ, ಅದು ಹಾಡಾಕತ್ತೈತ್ರಿ. ಅದಕ್ಕ ಕೊಕ್ಕು ವಾರಿ ಆಗೈತಿ."

"ಕೊಕ್ಕು ನೆಟ್ಟಗಿರಬೇಕವ್ವ," ಎಂದು ಅಕ್ಕೋರು ಹೆಬ್ಬೆರಳಿನಿಂದ ಒತ್ತಿ ಸರಿಮಾಡಿದಳು. ಬೆಳ್ಳಿ ಮಣ್ಣಾದ ಕೈಗಳನ್ನು ಲಂಗಕ್ಕೆ ಒರೆಸಿಕೊಂಡಳು.

ರಾಜರು ಬಂದು ಮೆಚ್ಚಿ ಅಕ್ಕೋರಿಗೆ ಶಾಲು ಹೊದಿಸಿದರು. ಮರುದಿನ ವಸಂತರಾಯ ಬಂದ. ನಲವತ್ತು ಕೋಗಿಲೆಗಳನ್ನು ನೋಡಿದ. ಎಲ್ಲವೂ ಒಂದೇ ಕೈಯವು. ಈ ಶಾಲೆಯಲ್ಲಿ ಮಕ್ಕಳೇ ಇಲ್ಲವೇನೋ ಎಂದುಕೊಂಡು ಬಂದ ದಾರಿಯಲ್ಲೇ ತಿರುಗಿ ಹೋದ. ಇದಕ್ಕೇ ಹೊಂಚು ಹಾಕಿದ್ದ ಮಾಗಿಮಲ್ಲನೆಂಬ ಮಾಂತ್ರಿಕ ಅವನನ್ನು ಹಿಡಿದು ಗವಿಯಲ್ಲಿ ಕೂಡಿಹಾಕಿದ. ಮಗುವಿನ ಕೈಗುರುತು ಉಳಿದ ವಸ್ತು ತಂದವರಿಗೆ ಮಾತ್ರ ಬಾಗಿಲು ತೆರೆಯಲಿ ಎಂದು ಮಂತ್ರ ಹಾಕಿ, ಕಲ್ಲಿನ ಹಾವೊಂದನ್ನು ಕಾವಲಿಟ್ಟ. ಅಂಥ ವಸ್ತು ಆ ಶಾಲೆಯಲ್ಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ರಾಜ್ಯವೆಲ್ಲ ಮಂಜು ಮುಸುಕಿತು, ಮಕ್ಕಳು ಕೆಮ್ಮುತ್ತ ಮಲಗಿದರು. ಗವಿಯ ಸುದ್ದಿ, ಮಂತ್ರದ ಮಾತು ಊರಿಗೂ ಮುಟ್ಟಿ, ತಪ್ಪು ತನ್ನದೆಂದು ಅಕ್ಕೋರಿಗೆ ತಿಳಿಯಿತು. ಒಂದು ದೋಣಿ, ಒಂದು ಸರ, ಬೆಳ್ಳಿಯ ಕೋಗಿಲೆ ಇಷ್ಟನ್ನು ಬುಟ್ಟಿಯಲ್ಲಿಟ್ಟುಕೊಂಡು ಗವಿಗೆ ನಡೆದಳು.

"ಮೂರು ಸಲ ತೋರಿಸಬಹುದು," ಎಂದಿತು ಹಾವು. "ತಪ್ಪಿದಾಗಲೆಲ್ಲ ಒಂದು ವರ್ಷ ಕಲ್ಲಾಗಿ ನಿಲ್ಲಬೇಕು."

ಅವಳು ದೋಣಿ ಕೊಟ್ಟಳು. ಹಾವು ಮೂಸಿತು. ಅಂಚು ಕತ್ತರಿಸಿ ಸಮಮಾಡಿದವಳು ಅಕ್ಕೋರೇ. ಒಂದು ವರ್ಷ ಕಲ್ಲಾಗಿ ನಿಂತಳು. ಆಮೇಲೆ ಸರ ಕೊಟ್ಟಳು. ಬಿಚ್ಚಿ ಮತ್ತೆ ಸಾಲಾಗಿ ಪೋಣಿಸಿದವಳೂ ಅವಳೇ. ಇನ್ನೊಂದು ವರ್ಷ ನಿಂತಳು. ಕಲ್ಲಾದರೂ ನೆನಪಿಗೇನೂ ಕಡಿಮೆಯಿರಲಿಲ್ಲ. ಎದೆಗವಚಿಕೊಂಡ ಆ ಪುಟ್ಟ ಕೈಗಳೇ ಕಣ್ಮುಂದೆ ಇದ್ದವು.

ಮೂರನೆಯ ಸಲ ಕೋಗಿಲೆ ಎತ್ತಿ, ಅದರ ನೆಟ್ಟಗಿನ ಕೊಕ್ಕನ್ನು ನೋಡಿದಳು.

"ಇದರಲ್ಲೂ ನನ್ನ ಕೈಯೇ ಇದೆ," ಎಂದಳು. "ಅವಳದನ್ನು ನಾನೇ ಅಳಿಸಿಬಿಟ್ಟೆ."

ಹಾವು ಕೋಗಿಲೆಯನ್ನು ಬಾಲದಿಂದ ಮಗುಚಿತು. ಹೊಟ್ಟೆಯ ಕೆಳಗೆ, ಯಾರೂ ನೋಡದ ಜಾಗದಲ್ಲಿ, ಹುಣಸೆ ಬೀಜದಷ್ಟು ಚಿಕ್ಕ ಹೆಬ್ಬೆರಳಿನ ಗುರುತೊಂದು ಉಳಿದಿತ್ತು. ಬಾಗಿಲು ತೆರೆಯಿತು. ವಸಂತರಾಯ ಹೊರಗೆ ಬಂದ, ಕೋಗಿಲೆ ಜೀವ ತಳೆದು ಹಾರಿತು. ಮಾಗಿಮಲ್ಲ ಕರಗಿ ಒಂದು ಬೊಗಸೆ ನೀರಾದ. ಆ ನೀರನ್ನು ಕಾಗೆಯೊಂದು ಕುಡಿದುಬಿಟ್ಟಿತು.

ಅಕ್ಕೋರು ಊರಿಗೆ ಬರುವಷ್ಟರಲ್ಲಿ ಮಾವು ಹೂಬಿಟ್ಟಿತ್ತು, ಮಕ್ಕಳ ಕೆಮ್ಮು ನಿಂತಿತ್ತು. ನೇರ ಬೆಳ್ಳಿಯ ಹತ್ತಿರ ಹೋಗಿ, ಮಣ್ಣು ಕೊಟ್ಟು, ನಿನ್ನ ಕೋಗಿಲೆ ಮಾಡಿಕೊಡು ತಾಯಿ ಎಂದು ಬೇಡಿದಳು. ಒಂಬತ್ತು ವರ್ಷದ ಬೆಳ್ಳಿ ಜಾಣೆಯಾಗಿದ್ದಳು. ಚಕಚಕನೆ ಮಾಡಿ, ಅಂಗೈ ಮೇಲಿಟ್ಟು ತೋರಿಸಿದಳು.

"ನೋಡ್ರಿ ಅಕ್ಕೋರೆ, ಈಗ ಕೊಕ್ಕು ನೆಟ್ಟಗೈತಿ."

ಅಕ್ಕೋರು ಚಲೋ ಐತವ್ವ ಎಂದಳು. ಬೇರೇನು ತಾನೇ ಹೇಳಿಯಾಳು?

ಅಂದಿನಿಂದ ಚಿಗುರುದುರ್ಗದಲ್ಲಿ ಋತುಗಳು ತಪ್ಪಲಿಲ್ಲ. ಶಾಲೆಯ ಬಾಗಿಲಿಗೆ ವಾರೆ ಕೊಕ್ಕಿನವು, ಬಾಲವಿಲ್ಲದವು, ಕೋಳಿಯಂಥವು, ಹೀಗೆ ಎಂಥೆಂಥ ಕೋಗಿಲೆಗಳೋ ತೂಗಿದವು. ರಾಜ, ಪ್ರಜೆ, ಮಕ್ಕಳು ಎಲ್ಲರೂ ಸುಖವಾಗಿ ಬಾಳಿದರು. ಅಕ್ಕೋರೂ ಸುಖವಾಗಿಯೇ ಇದ್ದಳು, ವರ್ಷಕ್ಕೊಂದು ದಿನ ಬಿಟ್ಟು. ಮಕ್ಕಳು ಮಣ್ಣು ಕಲಸುವ ಆ ದಿನ ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡು ಮೂಲೆಯಲ್ಲಿ ಕೂರುತ್ತಿದ್ದಳು.