ನೂರಕ್ಕೆ ನೂರಿಪ್ಪತ್ತು

೧೯೯೬ನೆಯ ಇಸವಿ ಜುಲೈ ತಿಂಗಳ ಎಂಟನೆಯ ತಾರೀಕು, ಸೋಮವಾರ. ತಿ. ನರಸೀಪುರದಿಂದ ನಂಜನಗೂಡಿಗೆ ಬಂದ ಬೆಳಗಿನ ಬಸ್ಸಿನಲ್ಲಿ ಎಂಬತ್ತೇಳು ಪ್ರಯಾಣಿಕರಿದ್ದರು. ಎಂಬತ್ತಾರು ಮಂದಿ ಇಳಿದರು. ಎಂಬತ್ತೇಳನೆಯವನು ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದ. ಹೊರಗಿನಿಂದ ಯಾರೋ ಸೀಟು ಹಿಡಿಯಲು ಎಸೆದ ಕರ್ಚೀಫು ಅವನ ಮುಖದ ಮೇಲೆ ಬಿದ್ದಿತು.

"ಆ ಸೀಟು ನಂದು," ಎಂದಿತು ಕಿಟಕಿಯ ಕೆಳಗಿನಿಂದ ಒಂದು ಹೆಣ್ಣುದನಿ.

"ನಾನಿನ್ನೂ ಎದ್ದಿಲ್ಲ ಕಣ್ರೀ."

"ಎದ್ದೇಳಿ ಮತ್ತೆ. ನಂಜನಗೂಡು ಬಂದು ಐದು ನಿಮಿಷ ಆಯ್ತು."

ರಾಜೇಂದ್ರ ಎದ್ದ. ಅವನು ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಅವಳು ರುದ್ರಾಣಿ, ನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಅಧ್ಯಾಪಕಿ. ಅವನನ್ನು ಇಳಿಸಿದ ಬಸ್ಸೇ ಅವಳನ್ನು ಹತ್ತಿಸಿಕೊಂಡು ಹಿಂದಿರುಗುತ್ತಿತ್ತು. ಸಂಜೆ ಅವಳನ್ನು ಇಳಿಸಿ ಅವನನ್ನು ಒಯ್ಯುತ್ತಿತ್ತು. ಆ ಬೆಳಿಗ್ಗೆ ಅವಸರದಲ್ಲಿ ಅವನು ಸೀಟಿನ ಮೇಲೆ ಒಂದು ಕ್ಯಾಸೆಟ್ ಮರೆತುಹೋದ.

ಅದು ಮರುದಿನ ಸಂಜೆ ಅವನ ಕೈ ಸೇರಿತು.

"ಮನೆಗೆ ತಗೊಂಡು ಹೋಗಿ ಕೇಳಿಬಿಟ್ಟೆ. ಬೈಕೋಬೇಡಿ."

"ಯಾವ ಹಾಡು ಇಷ್ಟ ಆಯ್ತು?"

"ಎರಡನೇ ಪಕ್ಕದ ನೂರೆಂಬತ್ತು."

"ಒಂದು ಪಕ್ಕಕ್ಕೆ ನೂರೆಂಬತ್ತು ಹಾಡಾ?"

"ಟೇಪ್ ಸೆಟ್ ಮೇಲೆ ಕ್ಯಾಸೆಟ್ ಸುತ್ತಿದ ಹಾಗೆ ಅಂಕಿ ಓಡುತ್ತಲ್ರೀ, ಅದು!" ಎಂದು ನಕ್ಕಳು. ನಗುವಾಗ ಅವಳು ತುಟಿ ಬಿಗಿಹಿಡಿಯುತ್ತಿದ್ದಳು. ನಗು ಕಣ್ಣಿನಿಂದ ತಪ್ಪಿಸಿಕೊಂಡು ಹೊರಗೆ ಬರುತ್ತಿತ್ತು.

ಅವನು ತನ್ನ ಸೆಟ್ಟಿನಲ್ಲಿ ನೂರೆಂಬತ್ತಕ್ಕೆ ನಿಲ್ಲಿಸಿ ನೋಡಿದ. ಒಂದು ಹಾಡು ಮುಗಿಯುವ ತಬಲಾ ಸದ್ದು, ಅಷ್ಟೆ. ಅದನ್ನು ಹೇಳಿದ್ದಕ್ಕೆ ಅವಳು ಅವನ ಸೆಟ್ಟಿನ ಅಂಕಿಗಳನ್ನು ಕೇಳಿಕೊಂಡು ಮೂರು ದಿನ ಲೆಕ್ಕ ಮಾಡಿದಳು.

"ನಿಮ್ಮ ಸೆಟ್ಟು ನೂರು ಓಡಿದ್ರೆ ನಮ್ಮದು ನೂರಿಪ್ಪತ್ತು ಓಡುತ್ತೆ. ನನ್ನ ಅಂಕಿ ಬಂದಾಗ ಆರರಿಂದ ಭಾಗಿಸಿ, ಐದರಿಂದ ಗುಣಿಸ್ಕೊಳ್ಳಿ."

"ಕ್ಯಾಲ್ಕುಲೇಟರ್ ತರಲಾ?"

"ಸ್ಟೋರ್ ಕೀಪರ್ ಅಂತೀರಿ. ನಾಚಿಕೆ ಆಗಲ್ವಾ?"

ಅಂದಿನಿಂದ ಅದೇ ಅವರ ಕ್ರಮವಾಯಿತು. ಹಿಂದಿನ ರಾತ್ರಿ ಕೇಳಿದ ಕ್ಯಾಸೆಟ್ಟನ್ನು ಬೆಳಿಗ್ಗೆ ಅವನು ಕೊಡುವುದು, ಸಂಜೆ ತನ್ನದನ್ನು ಅವಳು ಕೊಡುವುದು. ಡಬ್ಬಿಯೊಳಗೆ ಒಂದು ಚೀಟಿ. ಅವಳ ಅಣ್ಣ ಬ್ಯಾಗು ನೋಡುವ ಮನುಷ್ಯನಾದ್ದರಿಂದ ಚೀಟಿಯಲ್ಲಿ ಅಕ್ಷರ ಇರಬಾರದು, ಅಂಕಿ ಮಾತ್ರ. ಬರೆಯುವವರು ತಮ್ಮ ಸೆಟ್ಟಿನ ಅಂಕಿ ಬರೆಯಬೇಕು. ಲೆಕ್ಕ ಹಾಕಿಕೊಳ್ಳುವುದು ಕೇಳುವವರ ಕೆಲಸ.

ಭಾವಗೀತೆ ಬಂತು, ವಚನ ಬಂತು, ಸಿನಿಮಾ ಹಾಡು ಬಂತು, ಕಂಸಾಳೆಯವರ ಪದ ಬಂತು. ಅವಳಿಗೆ ಕೊಳಲು ಇಷ್ಟವೆಂದು ಅವನಿಗೆ ಅಂಕಿಯಿಂದಲೇ ತಿಳಿಯಿತು. ತಾಯಿಯನ್ನು ಕಳೆದುಕೊಂಡ ಮಗನ ಹಾಡನ್ನು ಅವನು ಎರಡು ವಾರದಲ್ಲಿ ಮೂರು ಸಲ ಕಳಿಸಿದಾಗ, ಅವಳು ಸೀಟಿನಲ್ಲಿ ಕೂರುತ್ತ, "ಅಮ್ಮ ಹೋಗಿ ಎಷ್ಟು ವರ್ಷ ಆಯ್ತು?" ಎಂದು ಮೆಲ್ಲಗೆ ಕೇಳಿದಳು. ಅವನು ಯಾರಿಗೂ ಹೇಳಿರಲಿಲ್ಲ.

ದಿನಕ್ಕೆ ಎರಡು ಸಲ, ಸಲಕ್ಕೆ ಎರಡು ನಿಮಿಷ. ಅದರಾಚೆಗಿನ ಇಡೀ ದಿನ ಅವನಿಗೆ ಕಾಯುವಿಕೆಯಾಗಿತ್ತು.

ಮುಂದಿನ ಫೆಬ್ರವರಿಯ ಒಂದು ಗುರುವಾರ ಬೆಳಿಗ್ಗೆ ಅವಳ ಮುಖ ಬಾಡಿತ್ತು. "ಭಾನುವಾರ ಹುಲ್ಲಹಳ್ಳಿಯಿಂದ ನನ್ನ ನೋಡೋಕೆ ಬರ್ತಾರೆ. ಅಪ್ಪ ಆಗಲೇ ಒಪ್ಕೊಂಡಿದಾರೆ."

ರಾಜೇಂದ್ರ ಕಿಟಕಿಯ ಸರಳು ಹಿಡಿದುಕೊಂಡ. "ಮೇಡಂ, ನಾನು ಕೇಳಿದ್ರೆ?"

ಅವಳು ತಲೆಯೆತ್ತಲಿಲ್ಲ.

"ನಮ್ಮ ಕೇರಿ ಯಾವುದು ಅಂತ ಗೊತ್ತಲ್ವಾ ನಿಮಗೆ?"

"ನಾನು ಗಣಿತ ಹೇಳ್ಕೊಡೋಳು. ಭೂಗೋಳ ಅಲ್ಲ." ಆಮೇಲೆ ಅತ್ತಿತ್ತ ನೋಡಿ, "ಒಂದು ರಾತ್ರಿ ಕೊಡಿ. ನಾಳೆ ಸಂಜೆ ಕ್ಯಾಸೆಟ್ಟಲ್ಲಿ ಉತ್ತರ ಇರುತ್ತೆ. ಹೂಂ ಅಂತ ಇದ್ರೆ ಭಾನುವಾರ ಅವರು ಬರೋಕೆ ಮುಂಚೆ ಬನ್ನಿ. ದೊಡ್ಡವರೊಬ್ಬರು ಜೊತೇಲಿರಲಿ. ಉಳಿದದ್ದು ನಾನು ಮಾತಾಡ್ತೀನಿ," ಎಂದಳು.

ಶುಕ್ರವಾರ ಸಂಜೆ ಅವಳು ಕ್ಯಾಸೆಟ್ಟನ್ನು ಅವನ ಅಂಗೈಯಲ್ಲಿಟ್ಟಳು. ಅವಳ ಬೆರಳು ತಣ್ಣಗಿತ್ತು. ಜನ ನುಗ್ಗಿದ್ದರಿಂದ ಮಾತಾಗಲಿಲ್ಲ.

ಚೀಟಿಯಲ್ಲಿ ಮುನ್ನೂರು ಎಂದಿತ್ತು. ಆರರಿಂದ ಭಾಗಿಸಿದ, ಐವತ್ತು. ಐದರಿಂದ ಗುಣಿಸಿದ, ಇನ್ನೂರೈವತ್ತು. ಅಲ್ಲಿ ಒಬ್ಬ ಹೆಣ್ಣುಮಗಳು, ದೋಣಿ ಈ ದಡಕ್ಕೆ ಇನ್ನು ಬರುವುದು ಬೇಡವೆಂದು ಅಂಬಿಗನನ್ನು ಬೇಡಿಕೊಳ್ಳುತ್ತಿದ್ದಳು.

ಆ ಹಾಡು ಪೂರ್ತಿಯಾಗುವವರೆಗೂ ಕೇಳಿದ. ಮುಂದಿನ ಹಾಡು ಮೊದಲಾಗುತ್ತಿದ್ದಂತೆ ಸೆಟ್ಟು ಆರಿಸಿದ.

ಶನಿವಾರ ಅವನು ಬಸ್ಸಿಗೆ ಹೋಗಲಿಲ್ಲ. ಭಾನುವಾರ ಹೊಸ ಷರಟು ತೊಟ್ಟು ಕುಳಿತಿದ್ದ ತಂದೆ ನಾಗಯ್ಯ, "ಯಾಕ್ಲಾ, ಓಗಾದು ಬ್ಯಾಡ್ವಾ? ನಾನು ಅಜಾಮತ್ ಮಾಡಿಸ್ಕೊಂಡು ಕುಂತಿವ್ನಿ," ಎಂದು ಕೇಳಿದ.

"ಬ್ಯಾಡ ಕಣಪ್ಪ. ಅವ್ರು ಒಲ್ಲೆ ಅಂದ್ರು."

ನಾಗಯ್ಯ ಷರಟು ಬಿಚ್ಚಿ ಮಡಿಸಿಟ್ಟ. ಆ ಮನೆಯಲ್ಲಿ ಒಲ್ಲೆ ಎಂಬುದನ್ನು ಎರಡನೆಯ ಸಲ ವಿಚಾರಿಸುವ ರೂಢಿ ಇರಲಿಲ್ಲ. ಸೋಮವಾರದಿಂದ ರಾಜೇಂದ್ರ ಆರು ಗಂಟೆಯ ಬಸ್ಸು ಹಿಡಿದ. ಸಂಜೆ ಕೊನೆಯ ಬಸ್ಸಿನವರೆಗೂ ಸ್ಟೋರಿನಲ್ಲೇ ಕುಳಿತ. ರುದ್ರಾಣಿಗೆ ಹುಲ್ಲಹಳ್ಳಿಯವರೊಡನೆ ಮದುವೆಯಾಯಿತೆಂದು ಏಪ್ರಿಲ್‌ನಲ್ಲಿ ತಿಳಿಯಿತು. ಎರಡು ವರ್ಷದ ಮೇಲೆ ಅವನೂ ಮದುವೆಯಾದ. ಹೆಂಡತಿ ಪವಿತ್ರ ಒಳ್ಳೆಯವಳು. ಮನೆಯಲ್ಲಿ ಹಾಡು ಹಾಕುವುದಿಲ್ಲವೇಕೆಂದು ಅವಳು ಕೇಳಿದ್ದು ಒಂದೇ ಸಲ.

೨೦೦೭ರ ಜೂನ್‌ನಲ್ಲಿ ನಂಜನಗೂಡು ಬಸ್ ನಿಲ್ದಾಣದಲ್ಲಿ ಅವರು ಎದುರಾದರು. ಅವಳ ಕಿವಿಯ ಬಳಿ ಕೂದಲು ನರೆತಿತ್ತು.

"ಚೆನ್ನಾಗಿದೀರಾ?" ಎಂದು ಅವನೇ ಕೇಳಿದ.

"ಇದೀನಿ. ನೀವು?"

"ಇದೀನಿ."

ಇಬ್ಬರೂ ಬಸ್ಸುಗಳ ಬೋರ್ಡು ಓದಿದರು. ಕೊನೆಗೆ ಅವಳು, "ಆ ಭಾನುವಾರ ಮೂರು ಗಂಟೆವರೆಗೂ ಬಾಗಿಲಲ್ಲೇ ನಿಂತಿದ್ದೆ. ಅಪ್ಪ ಎರಡು ಸಲ ಬೈದರು," ಎಂದಳು.

ಅವನಿಗೆ ಅರ್ಥವಾಗಲಿಲ್ಲ. "ನೀವೇ ತಾನೆ ಬರಬೇಡಿ ಅಂದಿದ್ದು. ದೋಣಿ ಹಾಡು."

"ಯಾವ ದೋಣಿ ಹಾಡು?"

"ಇನ್ನೂರೈವತ್ತು."

"ನಾನು ಮುನ್ನೂರು ಅಂತ ಬರೆದಿದ್ದೆ."

"ಹೌದು. ಆರರಿಂದ ಭಾಗಿಸಿ, ಐದರಿಂದ..."

ರುದ್ರಾಣಿ ಕಣ್ಣು ಮುಚ್ಚಿದಳು. "ನಾನು ಹೇಳಿದ್ದು ಅದರ ಮುಂದಿನ ಹಾಡು, ಬಾ ಅಂತ ಕರೆಯೋದು. ನಮ್ಮ ಸೆಟ್ಟಲ್ಲಿ ಅದು ಮುನ್ನೂರ ಅರವತ್ತು. ಅವತ್ತು ನಿಮ್ಮ ಕೈಯಲ್ಲಿ ಎಲ್ಲಿ ಲೆಕ್ಕ ತಪ್ಪಿಬಿಡುತ್ತೋ ಅಂತ, ನಾನೇ ಹಾಕಿ, ನಿಮ್ಮ ಸೆಟ್ಟಿನ ಅಂಕಿನೇ ಬರೆದೆ."

ಅಷ್ಟು ತಿಂಗಳ ಚೀಟಿಗಳಲ್ಲಿ ಅವಳು ಅವನಿಗಾಗಿ ಲೆಕ್ಕ ಮಾಡಿಕೊಟ್ಟದ್ದು ಅದೊಂದನ್ನೇ. ರಾಜೇಂದ್ರ ಕಲ್ಲು ಬೆಂಚಿನ ಮೇಲೆ ಕುಳಿತುಬಿಟ್ಟ.

"ತಪ್ಪು ನಂದು ಅಂತ ಇಟ್ಕೊಳ್ಳೋಣ. ನಿಯಮ ಮುರಿದೋಳು ನಾನು," ಎಂದಳು ಅವಳು. ದನಿ ನಡುಗಲಿಲ್ಲ, ಅದೇ ಅವನಿಗೆ ಹೆಚ್ಚು ನೋವು ಕೊಟ್ಟಿತು. "ಆದರೆ ರಾಜೇಂದ್ರ, ಸೋಮವಾರ ಬಸ್ಸಿತ್ತು. ಎರಡು ನಿಮಿಷ ಇತ್ತು. ಬಾಯಿಬಿಟ್ಟು ಇನ್ನೊಂದು ಸಲ ಕೇಳಬಹುದಿತ್ತಲ್ಲ. ಯಾಕೆ ಕೇಳಲಿಲ್ಲ?"

ಅವಳು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

ಹೇಳಲು ಅವನಲ್ಲಿ ಏನೇನೋ ಇತ್ತು. ಕೇರಿ ಇತ್ತು, ತಂದೆ ಮಡಿಸಿಟ್ಟ ಷರಟು ಇತ್ತು, ಇಲ್ಲವೆಂಬ ಮಾತು ಮೊದಲ ಸಲಕ್ಕೇ ನಿಜವೆನಿಸುವಂತೆ ಬೆಳೆದ ಬಾಳಿತ್ತು. ಆದರೆ ಅವಳು ಅವನ್ನೆಲ್ಲ ದಾಟಿ ಮುನ್ನೂರು ಎಂದು ಬರೆದಿದ್ದಳು.

ಹುಲ್ಲಹಳ್ಳಿ ಬಸ್ಸಿನ ಕಂಡಕ್ಟರು ಸೀಟಿ ಊದಿದ. ಅವಳು ಇನ್ನೂ ಒಂದು ಗಳಿಗೆ ನಿಂತು ನೋಡಿ, ಹತ್ತಿ ಹೋದಳು.

ಆ ಉತ್ತರ ಅವನು ಇಂದಿಗೂ ಕೊಟ್ಟಿಲ್ಲ.