ಪೈಪಿನೊಳಗಿನ ಮಂಜುಗಡ್ಡೆ

ಗುಡ್ಡದಾಚೆಯ ಊರಿಗೆ ಗ್ಯಾಸ್ ನಿಂತು ಅಂದಿಗೆ ಎರಡನೆಯ ದಿನ. ಫೀಲ್ಡ್ ಆಫೀಸಿನ ಫೋನು ಬೆಳಗಿನಿಂದ ಬಾಯಿ ಮುಚ್ಚಿರಲಿಲ್ಲ. ಆಸ್ಪತ್ರೆಯವರು, ಬೇಕರಿಯವರು, ಶಾಲೆಯವರು, ಎಲ್ಲರದೂ ಒಂದೇ ಪ್ರಶ್ನೆ: ಹೊರಗೂ ಹಿಮ, ಒಳಗೂ ಹಿಮ, ನೀವಲ್ಲಿ ಕುಳಿತು ಏನು ಮಾಡುತ್ತಿದ್ದೀರಿ? ಕೊನೆಗೆ ಲೈನಕ್ಕ ರಿಸೀವರನ್ನು ಪಕ್ಕಕ್ಕಿಟ್ಟು ಬೂಟಿನ ಲೇಸು ಬಿಗಿದಳು.

"ಫೋನಿಗೆ ಸಮಾಧಾನ ಹೇಳ್ತಾ ಕೂತ್ರೆ ಪೈಪಲ್ಲಿ ಗ್ಯಾಸ್ ಹರಿಯಲ್ಲ. ನಡೀರಿ" ಎಂದಳು.

ಬಾವಿಗಳಿಂದ ಊರಿನವರೆಗಿನ ಪೈಪ್‌ಲೈನು ಅವಳ ಹೊಣೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದ್ದರೂ ಅದನ್ನು ಯಾರೂ ಬಳಸಿದ್ದಿಲ್ಲ; ಅವಳಿಗಿಂತ ಎಷ್ಟೋ ದೊಡ್ಡವನಾದ ಕಿಡಿಯಣ್ಣನೂ ಅವಳನ್ನು ಲೈನಕ್ಕ ಎಂದೇ ಕರೆಯುತ್ತಿದ್ದ. ಕಿಡಿಯಣ್ಣ ವೆಲ್ಡರ್. ಜಗತ್ತಿನ ಯಾವ ತೊಂದರೆಗೂ ಬೆಂಕಿಯೇ ಮದ್ದು ಎಂದು ನಂಬಿದವನು. ಜೊತೆಗೆ ಹೊರಟ ಮೂರನೆಯವರು ಕೆಮಿಸ್ಟ್. ಬಾವಿಯಿಂದ ಬರುವ ಗ್ಯಾಸಿನಲ್ಲಿ ನೀರೆಷ್ಟು, ಕಲ್ಮಶವೆಷ್ಟು ಎಂದು ಅಳೆಯುವುದು ಅವರ ಕೆಲಸ. ಹೊಟ್ಟೆ ಸ್ವಲ್ಪ ಮುಂದು, ಮಾತು ಸ್ವಲ್ಪ ಹಿಂದು.

ಲೈನಕ್ಕನ ಲೆಕ್ಕಾಚಾರ ಸರಳವಾಗಿತ್ತು. ಗುಡ್ಡದ ಆಚೆ ಬದಿಯ ತಗ್ಗಿನಲ್ಲಿ ಪೈಪಿನೊಳಗೆ ನೀರು ನಿಂತಿರಬೇಕು. ಚಳಿಗಾಲ ಬಂದರೆ ಇದ್ದದ್ದೇ ಆ ಕಾಟ. ಆ ಬದಿಯ ವಾಲ್ವ್ ಯಾರ್ಡಿನಲ್ಲಿ ಗ್ಯಾಸನ್ನು ಹೊರಗೆ ಬಿಡುವ ವೆಂಟ್ ತೆರೆದರೆ, ಈ ಬದಿಯ ಒತ್ತಡವೇ ನೀರನ್ನು ಉಗುಳಿ ಎಸೆಯುತ್ತದೆ. ಅವಳ ತಮ್ಮ ಊರಿನಲ್ಲೇ ಅಮ್ಮನ ಜೊತೆ ಇದ್ದ. ಅವನೂ ಲೈನಿನ ಕೆಲಸದವನೇ. ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿ, ಹಿಮದ ಟ್ರ್ಯಾಕ್ಟರ್ ಹತ್ತಿ ಮಧ್ಯಾಹ್ನದೊಳಗೆ ಯಾರ್ಡ್ ಸೇರಬೇಕೆಂದು ಹೇಳಿದ್ದಳು.

"ಸೇರಿದ ತಕ್ಷಣ ವೆಂಟ್ ಪೂರ್ತಿ ತೆಗಿ. ಜಿಪುಣತನ ಮಾಡ್ಬೇಡ, ಒಂದೇ ಸಲಕ್ಕೆ ತೆಗಿ" ಎಂದಿದ್ದಳು. ಅವನು ಇನ್ನೂ ಟೀ ಕುಡಿದಿಲ್ಲ ಎಂದು ಗೊಣಗುತ್ತಿರುವಾಗಲೇ ಫೋನ್ ಇಟ್ಟುಬಿಟ್ಟಿದ್ದಳು. ಈಗ ಉಳಿದದ್ದು ಈ ಬದಿಯ ವಾಲ್ವ್‌ಗಳೆಲ್ಲ ತೆರೆದಿವೆಯೇ ಎಂದು ನೋಡುವುದು, ಅಷ್ಟೆ.

ಬಾವಿಗಳಿದ್ದ ಬಯಲು ಸುತ್ತಲೂ ಗುಡ್ಡ ಕಟ್ಟಿಕೊಂಡು ದೊಡ್ಡ ಬಾಣಲೆಯ ಹಾಗೆ ಬಿದ್ದುಕೊಂಡಿತ್ತು. ಯಾವುದೋ ಕಾಲದಲ್ಲಿ ಅದು ಸರೋವರವಾಗಿತ್ತಂತೆ. ಈಗ ಬೇಸಿಗೆಯಲ್ಲಿ ಉಪ್ಪು, ಚಳಿಗಾಲದಲ್ಲಿ ಹಿಮ, ಎರಡೂ ಬಿಳುಪೇ. ಬಾವಿಗಳ ಕಬ್ಬಿಣದ ತಲೆಗಳು ಹಿಮದ ಟೋಪಿ ಹಾಕಿಕೊಂಡು ಅಲ್ಲೊಂದು ಇಲ್ಲೊಂದು ನಿಂತಿದ್ದವು. ಅವುಗಳ ನಡುವಿನಿಂದ ಹೊರಟ ಪೈಪು ಸೊಂಟದೆತ್ತರದ ಸಿಮೆಂಟ್ ಕಂಬಗಳ ಮೇಲೆ ಬಯಲನ್ನು ದಾಟಿ, ಗುಡ್ಡದ ಬುಡದ ವಾಲ್ವ್ ಮನೆಯನ್ನು ಹಾದು, ಮೇಲಕ್ಕೆ ಏರುತ್ತಾ ಎರಡು ಶಿಖರಗಳ ನಡುವಿನ ಕಂಡಿಯಲ್ಲಿ ಮಾಯವಾಗುತ್ತಿತ್ತು. ಅದರಾಚೆ ಊರು. ಮೂವರೂ ಪೈಪಿನ ಪಕ್ಕದಲ್ಲೇ ಹಿಮ ತುಳಿಯುತ್ತಾ ಹೊರಟರು. ಬಿಸಿಲಿತ್ತು, ಆದರೆ ಬಿಸಿಲಿಗೆ ಬಿಸಿಯೇ ಇರಲಿಲ್ಲ.

ವಾಲ್ವ್ ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು. ಅಲ್ಲಿಂದ ಸ್ವಲ್ಪ ಮೇಲೆ ಪೈಪು ಒಂದು ಹಳ್ಳಕ್ಕೆ ಇಳಿದು ಮತ್ತೆ ಏರುತ್ತದೆ. ಈಚೆ ದಡದ ಗೇಜಿನ ಮುಳ್ಳು ಕೊನೆಯ ಗೆರೆಯ ಹತ್ತಿರವಿತ್ತು, ಅಂದರೆ ಪೂರ್ತಿ ಒತ್ತಡ. ಹೆಪ್ಪುಗಟ್ಟಿದ ಹಳ್ಳ ದಾಟಿ ಆಚೆ ದಡದ ಗೇಜು ನೋಡಿದರೆ ಮುಳ್ಳು ಅರ್ಧದಲ್ಲೇ ನಿಂತಿತ್ತು; ಗ್ಯಾಸ್ ನಿಂತಾಗ ಯಾರ್ಡಿನಲ್ಲಿ ಊರಿನ ವಾಲ್ವ್ ಮುಚ್ಚಿದ್ದರಿಂದ ಅಷ್ಟಾದರೂ ಉಳಿದಿತ್ತು. ಲೈನಕ್ಕ ಗಾಜಿನ ಮೇಲೆ ಬೆರಳಿನಿಂದ ತಟ್ಟಿದಳು. ಮುಳ್ಳು ಅಲ್ಲಾಡಲಿಲ್ಲ.

ಕೆಮಿಸ್ಟ್ ಮಂಡಿಯೂರಿ, ಟೋಪಿ ಸರಿಸಿ, ಪೈಪಿಗೆ ಕಿವಿಯಿಟ್ಟರು. ಅಲ್ಲೊಮ್ಮೆ, ಇಲ್ಲೊಮ್ಮೆ. ಆಮೇಲೆ ಎದ್ದರು.

"ಇದು ನೀರಲ್ಲ ಅಕ್ಕ, ಐಸು. ಒತ್ತಡದಲ್ಲಿ ಗ್ಯಾಸೂ ನೀರೂ ಕೂಡ್ಕೊಂಡು ಗಟ್ಟಿಯಾಗಿದೆ. ಔಷಧಿ ಪಂಪು ಕೈಕೊಟ್ಟಿರ್ಬೇಕು."

ಹೆಪ್ಪುಗಟ್ಟದಿರಲೆಂದು ಗ್ಯಾಸಿಗೆ ಬೆರೆಸುವ ಮೆಥನಾಲಿಗೆ ಫೀಲ್ಡಿನವರೆಲ್ಲ ಔಷಧಿ ಎನ್ನುತ್ತಿದ್ದರು. ಕಿಡಿಯಣ್ಣನಿಗೆ ಸಮಾಧಾನವಾಯಿತು. ಐಸು ತಾನೇ, ಸ್ವಲ್ಪ ಕಾಯಿಸಿದರೆ ಮುಗಿಯಿತು ಎಂದು ಬೆನ್ನಿನ ಚೀಲಕ್ಕೆ ಕೈಹಾಕಿದ. ಕೆಮಿಸ್ಟ್ ಅವನ ಮಣಿಕಟ್ಟನ್ನೇ ಹಿಡಿದರು. ನಡುವೆ ಕರಗಿದರೆ ಹುಟ್ಟುವ ಗ್ಯಾಸಿಗೆ ಎರಡು ಕಡೆಯೂ ದಾರಿಯಿರುವುದಿಲ್ಲ, ಪೈಪೇ ಸಿಡಿಯುತ್ತದೆ ಎಂದು ವಿವರಿಸಿದರು. ಬೆಂಕಿಯಿಂದ ಆಗದ ಕೆಲಸವೂ ಇದೆಯೆಂದು ಕೇಳಿ ಕಿಡಿಯಣ್ಣ ಪೆಚ್ಚಾದ.

ಲೈನಕ್ಕ ಇದನ್ನೆಲ್ಲ ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳು. ಅವಳ ಕಣ್ಣು ಆಚೆ ದಡದ ಗೇಜಿನ ಮೇಲಿತ್ತು.

"ಆ ಕಡೆ ವೆಂಟ್ ತೆಗೆದ್ರೆ ಏನಾಗುತ್ತೆ ಸರ್?"

"ಆ ಕಡೆಯ ಅರ್ಧ ಒತ್ತಡ ಭುಜ ಕೊಟ್ಟಿರೋದ್ರಿಂದ ಗಡ್ಡೆ ನಿಂತಿದೆ. ಅದನ್ನ ಒಮ್ಮೆಲೇ ತೆಗೆದುಬಿಟ್ರೆ..." ಎಂದರು ಕೆಮಿಸ್ಟ್. ಉಳಿದದ್ದು ಲೈನಕ್ಕನ ಕಣ್ಣಿಗೆ ಕಟ್ಟಿತು. ಗಡ್ಡೆ ಗುಂಡಿನ ಹಾಗೆ ಕಂಡಿ ದಾಟಿ ಇಳಿಜಾರಿನಲ್ಲಿ ನುಗ್ಗುತ್ತದೆ. ಅಲ್ಲಿಂದ ಕೆಳಗೆ ಪೈಪು ನೆಟ್ಟಗೆ ಇಳಿದು ಮೊದಲ ಸಲ ತಿರುಗುವುದು ಯಾರ್ಡಿನಲ್ಲಿ. ಆ ತಿರುವಿನ ಪಕ್ಕದಲ್ಲೇ ವೆಂಟಿನ ಚಕ್ರ. ಚಕ್ರ ಹಿಡಿದು ತಮ್ಮ.

ಒಂದೇ ಸಲಕ್ಕೆ ತೆಗಿ ಎಂದವಳು ತಾನೇ. ಬೇರೆ ಯಾರಾದರೂ ಹೇಳಿದ್ದರೆ ಅವರನ್ನು ಬೈದಾದರೂ ಹಗುರಾಗುತ್ತಿದ್ದಳು.

ಆಫೀಸಿಗೆ ಹಿಂತಿರುಗಿ ಊರಿಗೆ ಫೋನ್ ಮಾಡಿ, ಊರಿನವರು ಯಾರ್ಡಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ವಾಕಿಟಾಕಿ ಗುಡ್ಡ ದಾಟುವುದಿಲ್ಲ. ಆದರೆ ಕಂಡಿಯ ಮೇಲೆ ನಿಂತರೆ ಎರಡು ಬದಿಗೂ ಕೇಳಿಸುತ್ತದೆ. ಲೈನಕ್ಕ ಹೆಚ್ಚು ಯೋಚಿಸಲಿಲ್ಲ. ಕಿಡಿಯಣ್ಣನನ್ನು ವಾಲ್ವ್ ಮನೆಗೆ ಕಳುಹಿಸಿ, ಅಲ್ಲಿ ಬಾವಿ ಕಡೆಯ ವಾಲ್ವ್ ಮುಚ್ಚಿ, ವೆಂಟನ್ನು ಕೂದಲೆಳೆಯಷ್ಟೇ ತೆರೆದು ಈ ಬದಿಯ ಒತ್ತಡವನ್ನೂ ಅರ್ಧಕ್ಕೆ ಇಳಿಸಲು ಹೇಳಿದಳು. ಅರ್ಧಕ್ಕಿಂತ ಕೆಳಗೆ ಹೋದರೆ ಗಡ್ಡೆ ಇತ್ತ ಕಡೆಗೇ ನುಗ್ಗುತ್ತದೆ ಎಂದು ಕೆಮಿಸ್ಟ್ ಎರಡೆರಡು ಬಾರಿ ಎಚ್ಚರಿಸಿದರು.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ನೋಡ್ತೀನಿ, ನೀವು ಓಡಿ" ಎಂದ ಕಿಡಿಯಣ್ಣ.

ಹತ್ತಿದರು. ಹಿಮ ಮೊಣಕಾಲು ನುಂಗಿತು, ಆಮೇಲೆ ತೊಡೆ ನುಂಗಿತು. ಲೈನಕ್ಕ ವಾಕಿಟಾಕಿಯನ್ನು ಸ್ವೆಟರಿನೊಳಗೆ ಇಟ್ಟುಕೊಂಡಿದ್ದಳು; ಚಳಿಗೆ ಬ್ಯಾಟರಿ ಸಾಯಬಾರದು. ಕಂಬದಿಂದ ಕಂಬಕ್ಕೆ, ಕಂಬದಿಂದ ಕಂಬಕ್ಕೆ. ಕೆಮಿಸ್ಟ್ ಹಿಂದಿನಿಂದ ಕುಲುಮೆಯ ತಿದಿಯ ಹಾಗೆ ಉಸಿರೂದುತ್ತಿದ್ದರು. ಬಿಟ್ಟು ಹೋಗೋಣವೆಂದರೆ, ಗಡ್ಡೆಯನ್ನು ಮುಟ್ಟದೆ ಕರಗಿಸುವ ಬಗೆ ಗೊತ್ತಿದ್ದವರು ಅವರೊಬ್ಬರೇ.

ಕಂಡಿಗೆ ಸ್ವಲ್ಪ ಕೆಳಗೆ ಇಳಿಜಾರು ಕಡಿದಾಯಿತು. ಲೈನಕ್ಕ ಮುಂದಿನ ಕಂಬ ಹಿಡಿದಳು.

ಹಿಂದೆ ಹಿಮ ಕುಸಿದ ಸದ್ದು.

ತಿರುಗಿದರೆ ಕೆಮಿಸ್ಟ್ ಇಲ್ಲ. ಹಿಮದ ಒಂದು ಹಾಳೆಯೇ ಕಳಚಿ ಅವರನ್ನು ಹೊತ್ತು ಕೊರಕಲಿನ ಕಡೆಗೆ ಜಾರುತ್ತಿತ್ತು. ಅವರು ಕೂಗಲಿಲ್ಲ, ಎರಡೂ ಕೈ ಅಗಲಿಸಿ, ಬೂಟಿನ ಹಿಮ್ಮಡಿ ಊರಿ, ಕೊರಕಲಿನ ಅಂಚಿನ ಬಂಡೆಗೆ ತಗುಲಿ ನಿಂತರು. ಕಾಲುಗಳೆರಡೂ ಗಾಳಿಯಲ್ಲಿ ತೂಗುತ್ತಿದ್ದವು.

ಲೈನಕ್ಕ ಹೆಗಲಲ್ಲಿದ್ದ ಹಗ್ಗವನ್ನು ಕಂಬಕ್ಕೆ ಸುತ್ತಿ ಎಸೆದಳು. ಮೊದಲ ಸಲ ತಲುಪಲಿಲ್ಲ. ಎರಡನೆಯ ಸಲ ಅವರ ಭುಜದ ಮೇಲೆ ಬಿತ್ತು.

"ಸೊಂಟಕ್ಕೆ ಕಟ್ಕೊಳ್ಳಿ ಸರ್. ಕೆಳಗೆ ನೋಡ್ಬೇಡಿ."

"ನೋಡಾಯ್ತು" ಎಂದರು ಕೆಮಿಸ್ಟ್.

ಎಳೆದಳು. ಅವರು ತೆವಳಿದರು. ಮೇಲೆ ಬಂದಾಗ ಕನ್ನಡಕ ಮೂಗಿನ ಮೇಲೇ ಇತ್ತು, ಅದೊಂದು ಸೋಜಿಗ. ಅವಳು ಅವರ ತೋಳನ್ನು ಒಮ್ಮೆ ಗಟ್ಟಿಯಾಗಿ ಒತ್ತಿದಳು. ಬೇರೆ ಮಾತಿಗೆ ಪುರುಸೊತ್ತಿರಲಿಲ್ಲ.

ಕಂಡಿಯ ಮೇಲೆ ಗಾಳಿ ಮುಖಕ್ಕೆ ಬಡಿಯಿತು. ಆಚೆ ಬದಿಯಲ್ಲಿ ಪೈಪು ನೆಟ್ಟಗೆ ಕೆಳಗಿಳಿದಿತ್ತು, ಅದರ ತುದಿಯಲ್ಲಿ ಯಾರ್ಡಿನ ಬೇಲಿ. ಬೇಲಿಯೊಳಗೆ ಒಂದು ಕೆಂಪು ಚುಕ್ಕೆ. ಅಮ್ಮ ಹೆಣೆದುಕೊಟ್ಟ ಟೋಪಿ. ಅವಳು ವಾಕಿಟಾಕಿ ಒತ್ತಿ ಕರೆದಳು, ಮತ್ತೆ ಕರೆದಳು, ಬೈದು ಕರೆದಳು. ಉತ್ತರವಿಲ್ಲ. ಕೆಂಪು ಚುಕ್ಕೆ ಚಕ್ರದ ಮೇಲೆ ಬಾಗಿ ಮೈಯೆಲ್ಲ ಹಾಕಿ ತಿರುಗಿಸುತ್ತಿತ್ತು.

ಕೂಗಿದರೆ ಗಾಳಿ ನುಂಗುತ್ತದೆ. ಆಗ ಅವಳ ಕೈ ಸೊಂಟದ ಹಿತ್ತಾಳೆ ಸುತ್ತಿಗೆಗೆ ಹೋಯಿತು. ಲೈನಿನವರು ಕಬ್ಬಿಣದ ಸುತ್ತಿಗೆ ಒಯ್ಯುವುದಿಲ್ಲ, ಕಿಡಿ ಹಾರುತ್ತದೆಂದು. ವಾಕಿಟಾಕಿ ಬರುವುದಕ್ಕೆ ಮುಂಚೆ ಅವರು ಪೈಪನ್ನೇ ಬಡಿದು ಮಾತಾಡುತ್ತಿದ್ದರು. ಮೂರು ಏಟು, ಬಿಡುವು, ಮತ್ತೆ ಮೂರು ಅಂದರೆ 'ಕೈ ತೆಗಿ'. ಅವಳು ತಮ್ಮನಿಗೆ ಕಲಿಸಿದ್ದಳು. ಇದೆಂಥ ಅಜ್ಜನ ಕಾಲದ ಫೋನು ಎಂದು ಅವನು ನಕ್ಕಿದ್ದ.

ಕೆಮಿಸ್ಟ್ ಗಾಬರಿಯಾದರು. "ಏಟಿಗೆ ಗಡ್ಡೆ ಅಲ್ಲಾಡಿದ್ರೆ?"

"ಗಡ್ಡೆ ಹಳ್ಳದಲ್ಲಿದೆ, ದೂರ. ಅವನು ಚಕ್ರದ ಹತ್ರಾನೇ ಇದ್ದಾನೆ."

ಬಡಿದಳು. ಮೂರು. ಬಿಡುವು. ಮೂರು.

ಕೆಂಪು ಚುಕ್ಕೆ ನಿಲ್ಲಲಿಲ್ಲ. ವೆಂಟಿನ ತುದಿಯಲ್ಲಿ ಬಿಳಿ ಹೊಗೆಯಂಥದ್ದು ಕಾಣಿಸಿತು. ಚಕ್ರ ಸಡಿಲವಾಗಿತ್ತು. ಗ್ಯಾಸ್ ಹೊರಡುತ್ತಿತ್ತು.

ಅವಳು ಮತ್ತೆ ಬಡಿದಳು. ಅಂಗೈ ಜುಮ್ಮೆಂದಿತು. ಮೂರು. ಬಿಡುವು. ಮೂರು. ಕಣ್ಣೀರು ಕೆನ್ನೆಯ ಮೇಲೆ ಇಳಿದು ಅಲ್ಲೇ ಹೆಪ್ಪುಗಟ್ಟಿತು. ಕೈ ತೆಗಿಯೋ, ಕೈ ತೆಗಿಯೋ ಎಂದು ಅವಳ ಬಾಯಿ ತಾನೇ ಹೇಳುತ್ತಿತ್ತು.

ಬಿಳಿ ಹೊಗೆ ತೆಳುವಾಯಿತು. ನಿಂತಿತು.

ಕೆಂಪು ಟೋಪಿ ಪೈಪಿನ ಮೇಲೆ ಬಾಗಿ ಕಿವಿಯಿಟ್ಟಿತು. ಸ್ವಲ್ಪ ಹೊತ್ತಿಗೆ ಅವಳ ಅಂಗೈ ಕೆಳಗೆ ಪೈಪು ಮಿಡಿಯಿತು, ಮೂರು, ಬಿಡುವು, ಮೂರು. ಲೈನಕ್ಕನಿಗೆ ಹೋದ ಜೀವ ಬಂದಂತಾಯಿತು. ಹಿಮದ ಮೇಲೆ ಕುಳಿತು, ಯಾರಿದ್ದಾರೆ ಇಲ್ಲ ಎಂದು ನೋಡದೆ ಅತ್ತಳು. ಕೆಮಿಸ್ಟ್ ಮರ್ಯಾದೆಯಿಂದ ಬೇರೆ ಕಡೆ ತಿರುಗಿ ಮೋಡ ನೋಡಿದರು. ಮೋಡ ಒಂದೂ ಇರಲಿಲ್ಲ.

ಆಮೇಲೆ ವಾಕಿಟಾಕಿ ಗೊರಗುಟ್ಟಿ ತಮ್ಮನ ದನಿ ಬಂತು. ಚಕ್ರ ಹಿಮಕ್ಕೆ ಕಚ್ಚಿಕೊಂಡಿತ್ತಂತೆ. ಫ್ಲಾಸ್ಕಿನ ಟೀಯನ್ನೆಲ್ಲ ಅದರ ಮೇಲೆ ಸುರಿದು, ಬೆವರು ಬಂದು ಕೋಟು ಬಿಚ್ಚಿ ಬೇಲಿಗೆ ನೇತುಹಾಕಿದ್ದನಂತೆ. ವಾಕಿಟಾಕಿ ಕೋಟಿನ ಜೇಬಿನಲ್ಲಿತ್ತು.

"ಇನ್ನೂ ಕಾಲು ಸುತ್ತು ತಿರುಗಿಸಿದ್ರೆ ಪೂರ್ತಿ ಬಿಟ್ಕೊಳ್ತಿತ್ತು. ಈಗ್ಯಾಕೆ ಬೇಡ ಅಂತೀಯ?" ಎಂದು ತಮ್ಮ ರೇಗಿದ.

ಅವಳು ಗಡ್ಡೆಯ ವಿಷಯ ಹೇಳಿದಳು.

"ನಾನೇ ತಪ್ಪು ಹೇಳಿ ಕಳಿಸ್ದೆ ಕಣೋ" ಎಂದಳು.

"ಇರ್ಲಿ ಬಿಡು. ಟೀ ವೇಸ್ಟಾಯ್ತು, ಅದೊಂದೇ ಬೇಜಾರು" ಎಂದ ತಮ್ಮ.

ಮುಂದಿನದು ಸಾಹಸವಲ್ಲ, ತಾಳ್ಮೆ. ಗಡ್ಡೆಯನ್ನು ಯಾರೂ ತಳ್ಳಬಾರದು, ಯಾರೂ ಎಳೆಯಬಾರದು. ಎರಡೂ ಬದಿಯ ಒತ್ತಡವನ್ನು ಸಮಸಮವಾಗಿ ಇಳಿಸಿದರೆ ಅದು ತಾನಾಗಿ ಕರಗುತ್ತದೆ ಎಂದು ಕೆಮಿಸ್ಟ್ ಹೇಳಿದರು. ಕಿಡಿಯಣ್ಣ ತನ್ನ ಬದಿ ಅರ್ಧಕ್ಕೆ ತಂದು ಕಾಯುತ್ತಿದ್ದ. ಲೈನಕ್ಕ ಕಂಡಿಯಲ್ಲಿ ತಕ್ಕಡಿಯ ಮುಳ್ಳಿನ ಹಾಗೆ ಕುಳಿತು, ಒಂದು ಕಿವಿ ಇತ್ತ, ಒಂದು ಕಿವಿ ಅತ್ತ ಇಟ್ಟಳು. ಕಿಡಿಯಣ್ಣಾ, ಒಂದು ಗೆರೆ ಇಳಿಸು, ನಿಲ್ಲು. ತಮ್ಮಾ, ನೀನೊಂದು ಗೆರೆ, ನಿಲ್ಲು. ಬೆಂಕಿ ಹಚ್ಚದೆ ಇಷ್ಟು ಹೊತ್ತು ಬದುಕಿದ್ದು ಇದೇ ಮೊದಲು ಎಂದು ಕಿಡಿಯಣ್ಣ ನಡುನಡುವೆ ಗೊಣಗುತ್ತಿದ್ದ. ಬಿಸಿಲು ಶಿಖರದಿಂದ ಶಿಖರಕ್ಕೆ ಸರಿಯಿತು. ಎರಡೂ ಮುಳ್ಳುಗಳು ಕೆಳಗಿನ ಗೆರೆ ಮುಟ್ಟಿ, ಆಮೇಲೂ ಕಾದು, ಕಾದು ಸಾಕಾಗಿ ಬೆರಳುಗಳಲ್ಲಿ ಸ್ಪರ್ಶವೇ ಉಳಿಯದ ಹೊತ್ತಿಗೆ ಪೈಪಿಗೆ ಕಿವಿಯಿಟ್ಟಿದ್ದ ಕೆಮಿಸ್ಟ್ ಕೈಯೆತ್ತಿದರು.

"ಕೇಳಿ ಅಕ್ಕ."

ಒಳಗೆ ದೂರದಲ್ಲಿ ಗುಳುಗುಳು ಎನ್ನುತ್ತಿತ್ತು. ನೀರು. ಬರೀ ನೀರು. ಸಣ್ಣ ತೊಟ್ಟಿಯಿಂದ ಬಚ್ಚಲಿಗೆ ಹೋಗುವಂಥ ಮಾಮೂಲಿ ಸದ್ದು. ಅದಕ್ಕಿಂತ ಇಂಪಾದದ್ದನ್ನು ಲೈನಕ್ಕ ಅಂದು ಕೇಳಿರಲಿಲ್ಲ. ಕಿಡಿಯಣ್ಣ ಬಾವಿ ಕಡೆಯ ವಾಲ್ವನ್ನು ಸ್ವಲ್ಪ ಸಡಿಲಿಸಿ ಒತ್ತಡ ಕೊಟ್ಟಾಗ ಆ ನೀರು ಗುಡ್ಡ ಹತ್ತಿ ತಮ್ಮನ ವೆಂಟಿನಿಂದ ಮೆಲ್ಲಗೆ ಹೊರಬಂತು. ಕಿಡಿಯಣ್ಣ ಆಫೀಸಿಗೆ ಇಳಿದು, ಔಷಧಿ ಪಂಪಿನ ಒಡೆದ ವಾಷರ್ ಬದಲಿಸಿ ಲೈನಿಗೆ ಗ್ಯಾಸ್ ತುಂಬಿಸಿದ. ಮಿಕ್ಕವರಿಬ್ಬರು ಊರಿನ ವಾಲ್ವ್ ತೆರೆಯಲು ಯಾರ್ಡಿನ ಕಡೆಗೆ ಇಳಿದರು.

ಯಾರ್ಡಿನಲ್ಲಿ ಅಕ್ಕ ತಮ್ಮನ ಬೆನ್ನಿಗೊಂದು ಗುದ್ದು ಕೊಟ್ಟಳು, ಕೋಟು ಬಿಚ್ಚಿದ್ದಕ್ಕೆ. ಆಮೇಲೆ ಅವನ ಕೆಂಪು ಟೋಪಿಯನ್ನು ಕಿವಿಯವರೆಗೆ ಎಳೆದು, ಹಾಗೇ ಹಿಡಿದುಕೊಂಡು ನಿಂತಳು. ಅವನು ಬಿಡಿಸಿಕೊಳ್ಳಲಿಲ್ಲ. ಟ್ರ್ಯಾಕ್ಟರಿನಲ್ಲಿ ಊರಿಗೆ ಇಳಿಯುವಾಗ ಬೇಕರಿಯ ಚಿಮಣಿ ಹೊಗೆಯಾಡುತ್ತಿತ್ತು, ಆಸ್ಪತ್ರೆಯ ಕಿಟಕಿಗಳ ಮೇಲಿನ ಹಿಮ ಕರಗಿ ಸೋರುತ್ತಿತ್ತು. ಬೀದಿಯಲ್ಲಿ ಯಾರೂ ಅವರನ್ನು ತಿರುಗಿ ನೋಡಲಿಲ್ಲ. ಒಲೆ ಹೊತ್ತಿದ ಊರಿನಲ್ಲಿ ಎಲ್ಲರೂ ಒಳಗೇ ಇದ್ದರು.

ಅಮ್ಮನ ಅಡುಗೆಮನೆಯಲ್ಲಿ ನೀಲಿ ಉರಿ ಶಾಂತವಾಗಿ ಉರಿಯುತ್ತಿತ್ತು. ಎರಡು ದಿನ ತಣ್ಣಗಿದ್ದದ್ದನ್ನೇ ತಿಂದು ನಾಲಿಗೆ ಸತ್ತುಹೋಯಿತು, ನಿಮ್ಮ ಕಂಪನಿಯವರು ಕೈಲಾಗದವರು ಎಂದು ಬೈಯುತ್ತಲೇ ಅಮ್ಮ ಮೂವರಿಗೂ ಬಿಸಿ ಸೂಪು ಬಡಿಸಿದಳು. ಕೆಮಿಸ್ಟ್ ವಿನಯದಿಂದ ಕಂಪನಿಯ ಪರವಾಗಿ ಕ್ಷಮೆ ಕೇಳಿ ಎರಡನೆಯ ಬಟ್ಟಲಿಗೆ ಕೈ ಚಾಚಿದರು. ತಮ್ಮ ಚಮಚ ಕೈಯಲ್ಲಿದ್ದಂತೆಯೇ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗಿದ್ದ.

ಅಮ್ಮ ಅವನನ್ನು ನೋಡಿ ಮಗಳ ಕಡೆ ತಿರುಗಿದಳು. "ಇಷ್ಟು ಸುಸ್ತಾಗೋಕೆ ಇವ್ನು ಇವತ್ತು ಅಂಥದ್ದೇನು ಮಾಡ್ದ?"

ಲೈನಕ್ಕ ಮೆಲ್ಲಗೆ ಅವನ ಕೈಯಿಂದ ಚಮಚ ಬಿಡಿಸಿದಳು. ಆ ಕೈ ಬೆಚ್ಚಗಿತ್ತು.

"ಒಂದು ವಾಲ್ವ್ ಇತ್ತಮ್ಮ" ಎಂದಳು, "ಅದನ್ನ ಪೂರ್ತಿ ತೆಗೀಲಿಲ್ಲ ಇವ್ನು."

ಅದೇನು ದೊಡ್ಡ ಕೆಲಸವೋ ಎಂದು ಗೊಣಗುತ್ತಾ ಅಮ್ಮ ಕಂಬಳಿ ತರಲು ಎದ್ದಳು.