ಚಾವಣಿಯ ಒಂಬತ್ತು ಚುಕ್ಕಿ

ಮಂಗಳವಾರ ಬೆಳಗ್ಗೆ ಎಂಟಕ್ಕೆ, ಸುಟ್ಟ ಕೋಳಿ ಮಾರುವ ಲಮೈ, ಕೋರಾಟ್ ಪಟ್ಟಣದ ಪೊಲೀಸ್ ಠಾಣೆಗೆ ನುಗ್ಗಿದಳು. ಅವಳ ಕೂಗಿಗೆ ಲಾಕಪ್ಪಿನ ಕಳ್ಳರೂ ಎದ್ದು ಕೈಮುಗಿದರು.

“ನನ್ನ ಪಿಕಪ್ ಹೊಡ್ಕೊಂಡು ಹೋದ್ರು ಸಾರ್! ಒಲೆ, ಅಂಗಡಿ ಎಲ್ಲಾ ಅದರ ಬೆನ್ನಮೇಲೇ. ಇನ್ನು ನಾನು ಗಾಳಿ ಮಾರ್ಲಾ?”

“ಗುರುತು ಹೇಳಮ್ಮ,” ಎಂದ ಇನ್‌ಸ್ಪೆಕ್ಟರ್ ವಿಚಿತ್. ಕೂತಲ್ಲಿ ಕೂರದ ಆಸಾಮಿ. ಅವನು ಅಡ್ಡಾಡಿ ಅಡ್ಡಾಡಿ ಠಾಣೆಯ ನೆಲ ಮೊಳದಷ್ಟು ತಗ್ಗಿತ್ತು.

“ಬಿಳಿ ಬಣ್ಣ. ಒಳಗೆ ಚಾವಣಿಗೆ ಮಠದ ದೊಡ್ಡ ಗುರುಗಳು ಗಾಡಿಗೆ ರಕ್ಷೆ ಅಂತ ಮಂತ್ರಿಸಿ ಹಚ್ಚಿದ ಒಂಬತ್ತು ಚುಕ್ಕಿ. ಕೊನೇದು ಸೊಟ್ಟ, ಪಾಪ ಕೈ ನಡುಗ್ತಿತ್ತು. ಮೂರು ಪಲ್ಟಿ ಹೊಡೆದ್ರೂ ನಂಗೊಂದು ಗೀರಾಗ್ಲಿಲ್ಲ, ಊರಿಗೆಲ್ಲಾ ಗೊತ್ತು! ಅವರೂ ತೀರ್ಕೊಂಡ್ರು. ಇನ್ಯಾರು ಹಚ್ತಾರೆ?”

“ಚುಕ್ಕಿ ಬಿಡಮ್ಮ, ನಂಬರ್ ಹೇಳು.”

ಎಫ್‌ಐಆರ್ ದಾಖಲಾಯಿತು. ಪಿಕಪ್ ಎಂ-6 ಹೆದ್ದಾರಿ ಹಿಡಿದು ಪಾಕ್ ಚೋಂಗ್ ಎಂಬ ಊರಿಗೆ ಇಳಿದದ್ದು ಕ್ಯಾಮೆರಾದಲ್ಲಿ ಕಂಡಿತು. ಕಾನ್‌ಸ್ಟೆಬಲ್ ಕಮ್ರೋನ್ ಜೀಪು ಹಾರಿಸಿದ.

“ಇನ್ನೂ ಜೋರಾಗಿ ಹೊಡಿಯಯ್ಯಾ! ಶವಯಾತ್ರೇನಾ ಇದು?” ಎಂದ ವಿಚಿತ್.

ಪಾಕ್ ಚೋಂಗಿನಲ್ಲಿ ಮನುಷ್ಯರಿಗಿಂತ ಗ್ಯಾರೇಜುಗಳೇ ಹೆಚ್ಚು. ಮೂರು ದಿನ ಜಾಲಾಡಿದರು. ಶುಕ್ರವಾರ ಮಧ್ಯಾಹ್ನ ಥಾವೋನ್ ಎಂಬ ಮೆಕ್ಯಾನಿಕ್‌ನ ಗ್ಯಾರೇಜಿನಲ್ಲಿ ಕಮ್ರೋನ್ ಡಬ್ಬಿಯೊಂದನ್ನು ಎತ್ತಿ ಹಿಡಿದು ಕುಣಿದ.

“ಸಿಕ್ತು ಸಾರ್! ಎಂ-6 ಅಂತ ಬರೆದಿದೆ!”

“ಅದು ಬೋಲ್ಟಿನ ಅಳತೆ ಕಣೋ! ರಸ್ತೆಗೂ ಎಂ-6, ಬೋಲ್ಟಿಗೂ ಎಂ-6, ಸಾಹುಕಾರರ ಕಾರಿಗೂ ಎಂ-6. ಎಲ್ಲಾರ್ನೂ ಅರೆಸ್ಟ್ ಮಾಡ್ತೀಯಾ?”

ಮೂಲೆಯಲ್ಲಿ ಕೆಂಪು ಪಿಕಪ್ ಇತ್ತು. ನಂಬರ್ ಪ್ಲೇಟು ಬೇರೆ, ಎಂಜಿನ್ ನಂಬರು ಬೇರೆ, ಚಾಸಿ ನಂಬರನ್ನು ಉಜ್ಜಿ ಹೊಸದಾಗಿ ಕೆತ್ತಿದ ನಾಜೂಕಿಗೆ ಕಂಪನಿಯೇ ನಾಚಬೇಕು. ವಿಚಿತ್ ಚಡಪಡಿಸುತ್ತ ಬಾಗಿಲು ತೆಗೆದು ಕತ್ತೆತ್ತಿದ. ಒಂಬತ್ತು ಚುಕ್ಕಿ. ಕೊನೆಯದು ಸೊಟ್ಟ.

“ಅಕ್ಷರ, ಅಂಕಿ ಎಲ್ಲಾ ಅಳಿಸಿದೀಯ. ಇದನ್ನ ಒರೆಸೋಕೆ ಒಂದು ಬಟ್ಟೆಚೂರು ಸಿಗ್ಲಿಲ್ವೇನೋ?”

ಥಾವೋನ್ ಸ್ಪ್ಯಾನರ್ ಕೆಳಗಿಟ್ಟ.

“ಅದಕ್ಕೇ ಅಲ್ವಾ ಸಾರ್ ಕದ್ದಿದ್ದು.”

ಪಂಚನಾಮೆ ಆಯಿತು, ಕೈಕೋಳ ಬಿತ್ತು. ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟೇ: ಹೊಸ ಗಾಡಿಗೆ ಚುಕ್ಕಿ ಹಚ್ಚಿಸೋಣ ಎಂದು ಹೆಂಡತಿ ಕೇಳಿದಳು, ನಾಳೆ ನೋಡೋಣ ಎಂದೆ, ಅವತ್ತೇ ಆ ಹೆದ್ದಾರಿಯ ಅಪಘಾತದಲ್ಲಿ ಹೋಗಿಬಿಟ್ಟಳು. ಈಗ ಮಗಳಿಗೆ ಕೋರಾಟಿನ ಕಾರ್ಖಾನೆಯಲ್ಲಿ ಕೆಲಸ. ದಿನಾ ಅದೇ ರಸ್ತೆ.

ಲಮೈ ಕೆಂಪು ಪಿಕಪ್ಪಿಗೆ ಕೆನ್ನೆಯೊತ್ತಿ ಅತ್ತಳು, ಬಣ್ಣಕ್ಕೆ ಬೈದಳು, ಸಂಜೆಯೇ ಒಲೆ ಹಚ್ಚಿದಳು.

ಥಾವೋನ್‌ನನ್ನು ಕೋರ್ಟಿಗೆ ಒಯ್ಯುವಾಗ ವಿಚಿತ್ ಜೀಪಿನ ಬೋಳು ಚಾವಣಿಯನ್ನೇ ನೋಡುತ್ತಿದ್ದ.

“ಕಮ್ರೋನ್, ಸ್ವಲ್ಪ ನಿಧಾನಕ್ಕೆ ಹೋಗಯ್ಯ.”